ಸಿ-ಪೆಪ್ಟೈಡ್ ಪರೀಕ್ಷೆ: ಬರಿ ಹೊಟ್ಟೆಯಲ್ಲೋ, ತಿಂಡಿ ತಿಂದೋ?

ಪ್ರಶ್ನೆ: ತಮ್ಮನಿಗೆ 34 ವರ್ಷ, ಸಣಕಲು ದೇಹ. ಮೂರು ಬಗೆಯ ಮಾತ್ರೆ ನುಂಗಿದರೂ ಸಕ್ಕರೆ 300ರಿಂದ ಇಳಿಯಲಿಲ್ಲ. ಎರಡು ತಿಂಗಳಿಂದ ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾನೆ. ಮೈಯಲ್ಲಿ ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ನೋಡೋಣ ಎಂದು ಡಾಕ್ಟರು ಸಿ-ಪೆಪ್ಟೈಡ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಹೊರಗಿನಿಂದ ಚುಚ್ಚಿಕೊಳ್ಳುತ್ತಿರುವಾಗ ಒಳಗಿನದನ್ನು ಅಳೆಯುವುದು ಹೇಗೆ? ಉಪವಾಸ ಇರಬೇಕೇ? ಮಾಡಿಸಿದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ: ಇದೇ ಅನುಮಾನ ನನಗೂ ಇತ್ತು. ಮೇದೋಜೀರಕ ಗ್ರಂಥಿ ಮೊದಲು ಒಂದು ಉದ್ದನೆಯ ಸರಪಳಿ ತಯಾರಿಸಿ, ಆಮೇಲೆ ಅದರ ನಡುವಿನ ತುಂಡನ್ನು ಕತ್ತರಿಸುತ್ತದೆ. ಉಳಿದದ್ದು ಇನ್ಸುಲಿನ್, ಕತ್ತರಿಸಿದ ತುಂಡು ಸಿ-ಪೆಪ್ಟೈಡ್. ಒಂದಕ್ಕೆ ಒಂದು, ಸರಿ ಲೆಕ್ಕ. ಔಷಧಿ ಅಂಗಡಿಯ ಇನ್ಸುಲಿನ್ನಿನಲ್ಲಿ ಈ ತುಂಡು ಇರುವುದಿಲ್ಲ. ಹಾಗಾಗಿ ರಕ್ತದಲ್ಲಿ ಸಿಕ್ಕಿದ್ದೆಲ್ಲ ನಮ್ಮದೇ.

ಆದರೆ ನಾನು ಬರಿ ಹೊಟ್ಟೆಯಲ್ಲಿ ಹೋಗಿ ಕೆಟ್ಟೆ. ಮಿಲಿಲೀಟರಿಗೆ ಬರೀ 0.4 ನ್ಯಾನೋಗ್ರಾಂ ಬಂತು, ಮನೆಯಲ್ಲಿ ಅಳುವೋ ಅಳು. ಡಾಕ್ಟರು ಕೇಳಿದ್ದು ಒಂದೇ ಮಾತು: “ಆ ಹೊತ್ತಿಗೆ ಸಕ್ಕರೆ ಎಷ್ಟಿತ್ತು?” ರಾತ್ರಿಯ ಇನ್ಸುಲಿನ್ ಹೆಚ್ಚಾಗಿ 62ಕ್ಕೆ ಇಳಿದಿತ್ತು. ಸಕ್ಕರೆ ಅಷ್ಟು ಕಡಿಮೆಯಿದ್ದಾಗ ಗ್ರಂಥಿ ಕೈಕಟ್ಟಿ ಕೂರುತ್ತದೆಯಂತೆ. ಹದಿನೈದು ದಿನ ಬಿಟ್ಟು ನಾಲ್ಕು ಇಡ್ಲಿ ತಿಂದು, ಎರಡು ಗಂಟೆಯ ಮೇಲೆ ರಕ್ತ ಕೊಟ್ಟೆ. ಸಕ್ಕರೆ 208, ಸಿ-ಪೆಪ್ಟೈಡ್ 1.9. ಎರಡನ್ನೂ ಒಂದೇ ಸಲದ ರಕ್ತದಲ್ಲಿ ನೋಡಿಸಿ. ಇಲ್ಲವಾದರೆ ದುಡ್ಡು ದಂಡ.

ಲ್ಯಾಬ್‌ನಲ್ಲಿ ಕೆಲಸ ಮಾಡುವವನು: ಬರಿ ಹೊಟ್ಟೆಯಲ್ಲಿ ಬನ್ನಿ ಎಂದು ಬರೆದುಕೊಡುವ ಡಾಕ್ಟರೂ ಇದ್ದಾರೆ, ಚೀಟಿ ಓದಿಕೊಳ್ಳಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನು ಸುಳ್ಳೇ ಇಳಿಸುತ್ತದೆ. ಅಳತೆಯ ಮಾನವನ್ನೂ ನೋಡಿ. ಒಂದು ಕಡೆ 1 ಎಂದು ಬಂದದ್ದು ಇನ್ನೊಂದು ಕಡೆ 331 ಎಂದು ಬರಬಹುದು. ಮಿಲಿಲೀಟರಿಗೆ 1 ನ್ಯಾನೋಗ್ರಾಂ, ಲೀಟರಿಗೆ 331 ಪಿಕೋಮೋಲ್, ಎರಡೂ ಒಂದೇ.

ಶಿರಸಿಯಿಂದ: ನಮ್ಮ ಅಪ್ಪನಿಗೆ 6.8 ಬಂದಾಗ ಇನ್ಸುಲಿನ್ ಬೇಕಾದಷ್ಟಿದೆ ಎಂದು ಹಿಗ್ಗಿದೆವು. ಅವರ ಕಿಡ್ನಿ ಸೋತಿದೆ. ಸಿ-ಪೆಪ್ಟೈಡ್ ಹೊರಹೋಗುವ ಮುಖ್ಯ ದಾರಿಯೇ ಕಿಡ್ನಿ, ಅದು ಕಟ್ಟಿದರೆ ರಕ್ತದಲ್ಲಿ ಉಳಿದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು.

ಮಂಗಳೂರಿನಿಂದ: ನಾನೂ ನಿಮ್ಮ ತಮ್ಮನ ಹಾಗೆ ಸಣಕಲು. ಊಟದ ಮೇಲೆ ಮಾಡಿಸಿದರೂ 0.2. 0.6ಕ್ಕಿಂತ ಕೆಳಗಿದ್ದರೆ ಟೈಪ್ 1 (ಸ್ವಂತ ಇನ್ಸುಲಿನ್ ಬತ್ತಿಹೋಗುವ ಬಗೆ) ಇರಬಹುದು, 1.8ರ ಮೇಲಿದ್ದರೆ ಟೈಪ್ 2 (ಇನ್ಸುಲಿನ್ ಇದ್ದೂ ಸರಿಯಾಗಿ ನಾಟದ ಬಗೆ) ಎಂದು ಡಾಕ್ಟರು ಗೆರೆ ಎಳೆದು ತೋರಿಸಿದರು. ನಡುವೆ ಬಂದರೆ ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕಂತೆ. ನಮ್ಮ ಮೈಯೇ ಇನ್ಸುಲಿನ್ ಕೋಶಗಳ ಮೇಲೆ ತಿರುಗಿಬಿದ್ದಿದೆ ಎಂದು ತೋರಿಸುವ ಗ್ಯಾಡ್ ಪ್ರತಿಕಾಯವೂ ಪಾಸಿಟಿವ್ ಬಂದು, 38ನೇ ವಯಸ್ಸಿನಲ್ಲಿ ಟೈಪ್ 1 ಎಂದಾಯಿತು. ಅದಕ್ಕೆ ಮೊದಲು ಮೂರು ವರ್ಷ, ಅನ್ನ ಬಿಡುವುದಿಲ್ಲ ಎಂದು ಕಂಡವರಿಂದೆಲ್ಲ ಬೈಸಿಕೊಂಡಿದ್ದೇ ಬಂತು.

ಪ್ರಶ್ನೆ ಕೇಳಿದವರು: ತಮ್ಮನನ್ನು ವಿಚಾರಿಸಿದೆ. ತಲೆ ಬೋಳಾಗುತ್ತಿದೆ ಎಂದು ಕದ್ದುಮುಚ್ಚಿ ಬಯೋಟಿನ್ ತಿನ್ನುತ್ತಿದ್ದಾನೆ! ಡಾಕ್ಟರಿಗೆ ಫೋನ್ ಮಾಡಿದೆ. ಅದನ್ನು ಮೂರು ದಿನ ನಿಲ್ಲಿಸಿ, ಇನ್ಸುಲಿನ್ ಮಾತ್ರ ಬಿಡದೆ, ತಿಂಡಿ ತಿಂದು ಬರಲಿ ಎಂದರು. ಶನಿವಾರ ಹೋಗುತ್ತೇವೆ.