ನಿನ್ನ ಅಪ್ಪನ ಕ್ಯಾಮೆರಾ ಬ್ಯಾಗ್ ವಿಚಾರ

ಮಗಳೇ, ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ. ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತದೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದು. ನಮ್ಮ ಕುಟುಂಬದ ಈ ಗುಂಪಿನಲ್ಲಿರುವ ಬೇರೆಯವರೂ ಓದಿ.

ನೀನು ಕೇಳಿದ್ದು ಇಷ್ಟು ತಾನೇ. ಅಪ್ಪನಿಗೆ 67 ಆಯಿತು, ಮೇ ತಿಂಗಳಲ್ಲಿ ಹಿಮಾಲಯದ ತುಂಗನಾಥಕ್ಕೆ ಮೊನಾಲ್ ಹಕ್ಕಿಯ ಫೋಟೋ ತೆಗೆಯಲು ಹೊರಟಿದ್ದಾರೆ. ಇರುವ ನಿಕಾನ್ ಡಿ850 ಕ್ಯಾಮೆರಾಕ್ಕೆ ದೂರದ್ದನ್ನು ಹತ್ತಿರ ತೋರಿಸುವ ಆ ದೊಡ್ಡ 200-500 ಎಂಎಂ ಲೆನ್ಸ್ ಕೊಳ್ಳುತ್ತೇನೆ ಎನ್ನುತ್ತಾರೆ. ಈಗಲೇ ಭುಜ ನೋವು ಇದೆ. ಈ ವಯಸ್ಸಿನಲ್ಲಿ ಅಷ್ಟು ಭಾರ ಹೊತ್ತರೆ ಏನಾದರೂ ಆಗುತ್ತದಾ, ಇಲ್ಲ ನಾನೇ ಸುಮ್ನೆ ಹೆದರುತ್ತಿದ್ದೇನಾ ಅಂತ.

ಸುಮ್ನೆ ಹೆದರುತ್ತಿಲ್ಲ. ಭಾರ ಮುಖ್ಯ. ಅರವತ್ತು ದಾಟಿದ ಮೇಲೆ ತುಂಬಾನೇ ಮುಖ್ಯ. ಗುಂಪಿನಲ್ಲಿ ಆಗಲೇ ಇಬ್ಬರು "ಹವ್ಯಾಸ ತಾನೇ, ಬಿಡು" ಅಂತ ಬರೆದಿದ್ದಾರೆ. ಮಡಿಕೇರಿ ಭಾವ ಅದಕ್ಕೆ ಸರಿ ಅಂತ ಹೆಬ್ಬೆರಳು ತೋರಿಸಿದ್ದಾರೆ. ಅವರು ಯಾರೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೆಟ್ಟ ಇಳಿದವರಲ್ಲ. ನಾನು ಇಳಿದಿದ್ದೇನೆ.

ನಿನ್ನ ಅಪ್ಪನ ಸ್ವಭಾವ ನಿಮಗೆಲ್ಲ ಗೊತ್ತೇ ಇದೆ. ಅಜ್ಜನದೇ ಅಚ್ಚು. ತೋಟದಲ್ಲಿ ಆಳುಗಳ ಜೊತೆ ನಿಂತು ಗೊಬ್ಬರದ ಮೂಟೆ ಎತ್ತಿದವನು. "ಅಕ್ಕಾ, 50 ಕಿಲೋ ಮೂಟೆ ಹೊತ್ತವನಿಗೆ ಮೂರು ಕಿಲೋ ಯಾವ ಲೆಕ್ಕ" ಅಂತ ನನಗೂ ಹೇಳಿದ. ಆದರೆ ಮೂಟೆ ಬೆನ್ನ ಮೇಲೆ ಕೂರುತ್ತದೆ. ಲಾರಿ ತನಕ ನಡೆದು ಇಳಿಸಿಬಿಡುತ್ತೇವೆ. ಕ್ಯಾಮೆರಾ ಹಾಗಲ್ಲ. ಮುಖದ ಮುಂದೆ ಎತ್ತಿ ಹಿಡಿಯಬೇಕು, ಲೆನ್ಸಿನ ಭಾರವೆಲ್ಲ ಮುಂದಕ್ಕೆ ಎಳೆಯುತ್ತದೆ, ಭುಜ ಒಂದೇ ಅದನ್ನು ತಡೆಯಬೇಕು. ಹಕ್ಕಿ ತಲೆ ತಿರುಗಿಸುವ ತನಕ ಹಾಗೇ ಇರಬೇಕು. ದಿನವಿಡೀ ಮತ್ತೆ ಮತ್ತೆ ಎತ್ತಬೇಕು, ಇಳಿಸಬೇಕು.

ನನ್ನ ಭುಜದ ಕತೆ ಎಲ್ಲರಿಗೂ ಗೊತ್ತು. "ಅತ್ತೆ ತಡಿಯಂಡಮೋಳ್‌ನಲ್ಲಿ ಬಿದ್ದರಂತೆ" ಅನ್ನುವಷ್ಟು ಗೊತ್ತು. ಹೇಗೆ ಬಿದ್ದೆ ಅಂತ ಯಾರೂ ಕೇಳಿಲ್ಲ. ಇವತ್ತು ಕೇಳಿ.

ಮಳೆಗಾಲ ಮುಗಿದು ಜಿಗಣೆ ಕಡಿಮೆಯಾಗಿತ್ತು. ನಾಲ್ಕುನಾಡು ಅರಮನೆ ಹತ್ತಿರ ಗಾಡಿ ಬಿಟ್ಟು ಶಾಲೆಯ ಹಳೆಯ ಸ್ನೇಹಿತೆಯರ ಜೊತೆ ಹೊರಟೆ. ತಡಿಯಂಡಮೋಳ್ 1,748 ಮೀಟರ್, ನಮ್ಮ ಜಿಲ್ಲೆಗೇ ಎತ್ತರದ ಬೆಟ್ಟ. ನನ್ನ ಕೊರಳಲ್ಲಿ ಕ್ಯಾಮೆರಾ ಬಾಡಿ, ಲೆನ್ಸ್ ಸೇರಿ ಎರಡೂವರೆ ಕಿಲೋ ಹತ್ತಿರ. ಹತ್ತುವಾಗ ಏನೂ ಅನ್ನಿಸಲಿಲ್ಲ. ಹತ್ತುವಾಗ ಮೈ ಮುಂದಕ್ಕೆ ಬಾಗಿರುತ್ತದೆ, ಉಸಿರಿನ ಕಡೆಗೇ ಗಮನ. ಮೇಲೆ ಗಾಳಿ, ಹುಲ್ಲು, ಕೇರಳದ ಕಡೆ ಒಂದರ ಹಿಂದೆ ಒಂದು ಬೆಟ್ಟಗಳ ಸಾಲು. ತುಂಬಾ ಚೆನ್ನಾಗಿ ಫೋಟೋ ಬಂತು.

ಇಳಿಯುವಾಗ ಶುರುವಾಯಿತು. ಒಂದೊಂದು ಹೆಜ್ಜೆಗೂ ಕ್ಯಾಮೆರಾ ತೂಗಾಡಿ ಎದೆಗೆ ಬಡಿಯುತ್ತದೆ. ಬಡಿಯದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಅಲ್ಲಿಗೆ ಆ ಕೈ ಹೋಯಿತು. ಕೋಲು ಹಿಡಿಯಲು ಇಲ್ಲ, ಕೊಂಬೆ ಹಿಡಿಯಲು ಇಲ್ಲ. ಹುಲ್ಲುಗಾವಲು ಮುಗಿದು ಕಾಡಿನೊಳಗೆ ಬರುವಲ್ಲಿ ಸಣ್ಣ ಜಲ್ಲಿ, ಬೇರು, ಮೇಲೆ ಒದ್ದೆ ಎಲೆ. ಕಾಲು ಜಾರಿತು. ಆಗ ಕೈ ಎಲ್ಲಿಗೆ ಹೋಗಬೇಕು? ನೆಲಕ್ಕೆ. ನನ್ನ ಕೈ ಹೋದದ್ದು ಕ್ಯಾಮೆರಾಕ್ಕೆ. ಯೋಚನೆ ಮಾಡಿ ಮಾಡುವುದಲ್ಲ ಅದು. ಇನ್ನೊಂದು ಕೈಯೂ ಅಲ್ಲಿಗೇ ಹೋಯಿತು, ಎರಡೂ ಸೇರಿ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದವು. ಬಲ ಮೊಣಕೈ ಕಲ್ಲಿಗೆ ಹೊಡೆದು ಮೈ ಭಾರವೆಲ್ಲ ಭುಜದ ಮೇಲೆ ಬಿತ್ತು. ಕ್ಯಾಮೆರಾಕ್ಕೆ ಒಂದು ಗೀರೂ ಆಗಲಿಲ್ಲ.

ಭುಜದ ಒಳಗಿನ ಸ್ನಾಯುಬಂಧ ಹರಿದಿತ್ತು. ಡಾಕ್ಟರ್ ಹೇಳಿದರು, ವಯಸ್ಸಾದಂತೆ ಅದು ಒಳಗೊಳಗೇ ಸವೆದಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ, ಆಮೇಲೆ ಒಂದು ಸಣ್ಣ ಜಗ್ಗು ಸಾಕು ಅಂತ. ತಿಂಗಳುಗಟ್ಟಲೆ ತಲೆ ಬಾಚಿಕೊಳ್ಳಲು ಆಗಲಿಲ್ಲ. ಸೀರೆಗೆ ಪಿನ್ ಹಾಕಲು ಸೊಸೆಯನ್ನು ಕರೆಯಬೇಕು. ಆ ಕಡೆ ಮಗ್ಗುಲಾದರೆ ರಾತ್ರಿಯಿಡೀ ನಿದ್ರೆ ಇಲ್ಲ. ಆ ವರ್ಷ ಕಾಫಿ ಕೊಯ್ಲು ಪೂರ್ತಿ ಜಗಲಿಯಲ್ಲಿ ಕೂತೇ ನೋಡಿದೆ. ಕ್ಯಾಮೆರಾ ಕಪಾಟಿನಲ್ಲಿ ಇತ್ತು, ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯಿತು. ನಮ್ಮ ಕೊಡಗಿನ ತೇವಕ್ಕೆ, ಬಳಸದೆ ಇಟ್ಟ ಗಾಜು ಉಳಿಯುತ್ತದಾ?

ಅದಕ್ಕೇ ಹೇಳುತ್ತಿದ್ದೇನೆ. ಬೆಟ್ಟ ಇಳಿಯುವಾಗ ಕ್ಯಾಮೆರಾ ಕೊರಳಲ್ಲಿ ನೇತಾಡಬಾರದು. ಬ್ಯಾಗಿನೊಳಗೆ ಹೋಗಬೇಕು. ಎರಡೂ ಕೈ ಖಾಲಿ ಇರಬೇಕು.

ನಿನ್ನ ಅಪ್ಪನಿಗೆ ಇನ್ನೊಂದು ತೊಂದರೆ ಇದೆ, ಅದನ್ನು ನೀನು ಬರೆದಿಲ್ಲ. ಸಕ್ಕರೆ ಕಾಯಿಲೆ. ಸಕ್ಕರೆ ಇದ್ದವರಿಗೆ ಭುಜ ಬಿಗಿದುಕೊಳ್ಳುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಫ್ರೋಜನ್ ಶೋಲ್ಡರ್ ಅನ್ನುತ್ತಾರಲ್ಲ, ಅದೇ. ಒಮ್ಮೆ ಬಿಗಿದರೆ ಸಡಿಲವಾಗಲು ವರ್ಷವೇ ಹಿಡಿಯಬಹುದು. ಈಗ ಇರುವ ನೋವು ಯಾವುದು ಅಂತ ನೋಡಿಸಿದ್ದಾನಾ? ಇಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ಹೋಗುತ್ತದೆ ಅಂತ ಕೂತಿದ್ದಾನೆ.

"ಭಾರ ಇದ್ದರೆ ಕ್ಯಾಮೆರಾ ಅಲುಗಾಡುವುದಿಲ್ಲ" ಅಂತಲೂ ಹೇಳಿದ. ಅದರಲ್ಲಿ ಅರ್ಧ ನಿಜ ಇದೆ. ತುಸು ಭಾರ ಇರುವ ಕ್ಯಾಮೆರಾ ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಕೈಗೆ ಬಲ ಇರುವ ತನಕ. ಸುಸ್ತಾದ ಕೈ ನಡುಗುತ್ತದೆ. ಮಧ್ಯಾಹ್ನದ ಮೇಲೆ ತೆಗೆದ ಫೋಟೋಗಳನ್ನು ದೊಡ್ಡದು ಮಾಡಿ ನೋಡಲಿ, ಹಕ್ಕಿಯ ಕಣ್ಣು ಮಸುಕಾಗಿರುತ್ತದೆ.

ಸಣ್ಣ ಕ್ಯಾಮೆರಾ ಅಂದರೆ ಕೈಲಾಗದವರದ್ದು ಅನ್ನುವ ಮಾತು ನಮ್ಮ ಗಂಡಸರಲ್ಲಿ ಬಹಳ ಇದೆ. ಜರ್ಮನಿಯಲ್ಲಿ ಆಸ್ಕರ್ ಬಾರ್ನಾಕ್ ಅನ್ನುವವರು ಇದ್ದರು. ಅವರಿಗೆ ಅಸ್ತಮಾ. ಆ ಕಾಲದ ಗಾಜಿನ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಅದಕ್ಕೆ ಸಿನಿಮಾ ರೀಲನ್ನೇ ಬಳಸಿ ಅಂಗೈಯಲ್ಲಿ ಹಿಡಿಯುವಂಥ ಕ್ಯಾಮೆರಾ ಮಾಡಿದರು. ಅದೇ ಲೈಕಾ, 1925ರಲ್ಲಿ ಮಾರಾಟಕ್ಕೆ ಬಂತು. ನಾವೆಲ್ಲ ಬಳಸಿದ 35 ಎಂಎಂ ರೀಲು ಎಲ್ಲರ ಕೈಗೆ ಬಂದದ್ದು ಆ ದಾರಿಯಲ್ಲೇ. ನಿನ್ನ ಅಪ್ಪನ ಡಿ850ರ ಸೆನ್ಸರ್, ಅಂದರೆ ರೀಲಿನ ಜಾಗದಲ್ಲಿ ಬೆಳಕು ಹಿಡಿಯುವ ಭಾಗ, ಇವತ್ತಿಗೂ ಅದೇ ಅಳತೆಯದು. ಭಾರ ಹೊರಲಾಗದವರೇ ಇದನ್ನೆಲ್ಲ ಶುರು ಮಾಡಿದ್ದು ಅಂತ ಅವನಿಗೆ ಹೇಳು.

ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಳಿಯುವಾಗ ಕ್ಯಾಮೆರಾ ಬ್ಯಾಗಿನೊಳಗೆ. ತುಂಗನಾಥ 3,680 ಮೀಟರ್, ತಡಿಯಂಡಮೋಳ್‌ನ ಎರಡು ಪಟ್ಟಿಗೂ ಜಾಸ್ತಿ. ನಡಿಗೆ ಶುರುವಾಗುವ ಚೋಪ್ಟಾದಿಂದ ದಾರಿಗೆ ಕಲ್ಲು ಹಾಸಿದ್ದಾರೆ ನಿಜ, ಆದರೆ ಒದ್ದೆಯಾದರೆ ಕಲ್ಲೇ ಜಾಸ್ತಿ ಜಾರುವುದು. ಸಾಲದ್ದಕ್ಕೆ ಅಲ್ಲಿ ಗಾಳಿಯೂ ತೆಳು. ಸುಸ್ತಾದ ಕಾಲು, ಖಾಲಿ ಇಲ್ಲದ ಕೈ. ಎರಡೂ ಸೇರಿದರೆ ನನಗೆ ಆದದ್ದೇ ಆಗುತ್ತದೆ.

ಭಾರದ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ. ಈ ಕುಟುಂಬದ ಮದುವೆ, ನಾಮಕರಣ, ಹುತ್ತರಿ, ಹಾಕಿ ಟೂರ್ನಮೆಂಟ್, ಎಲ್ಲದಕ್ಕೂ ಕ್ಯಾಮೆರಾ ಹೊತ್ತವಳು ನಾನು. ಒಂದು ರೀಲಿಗೆ 36 ಫೋಟೋ, ರೀಲೂ ನನ್ನ ದುಡ್ಡು, ಪ್ರಿಂಟೂ ನನ್ನ ದುಡ್ಡು. ಒಂದು ಕೈಯಲ್ಲಿ ಫ್ಲಾಶ್, ಸೊಂಟದಲ್ಲಿ ಸೆರಗು, ಹೆಗಲಲ್ಲಿ ಬ್ಯಾಗ್. "ಕೊಡಿ, ನಾನು ಹಿಡಿದುಕೊಳ್ಳುತ್ತೇನೆ" ಅಂದವರು ಯಾರಿದ್ದಾರೆ? ಕಳೆದ ಮದುವೆಯಲ್ಲಿ ಡ್ರೋನ್ ತಂದ ಹುಡುಗರು "ಆಂಟಿ, ಫ್ರೇಮಿನಿಂದ ಆಚೆ ಹೋಗಿ" ಅಂದರು. ನಮ್ಮವರೆಲ್ಲ ಅಲ್ಲೇ ನಿಂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಊಟದ ಕಡೆ ಹೋಗಿ ಕೂತೆ. ನನಗೆ ತುಂಬಾ ನೋವಾಯಿತು, ಈಗಲೂ ಇದೆ.

ಐನ್‌ಮನೆಯ (ನಮ್ಮ ಮೂಲಮನೆಯ) ಆ ಹಳೆಯ ಹುತ್ತರಿ ಆಲ್ಬಮ್ ಕೂಡ. ಸ್ಕ್ಯಾನ್ ಮಾಡಿಸಿ ಕೊಡುತ್ತೇವೆ ಅಂತ ತೆಗೆದುಕೊಂಡು ಹೋದವರು ಈ ಗುಂಪಿನಲ್ಲೇ ಇದ್ದಾರೆ. ಕದಿರು ತೆಗೆಯುವಾಗ ಅಜ್ಜ ನಿಂತ ಫೋಟೋ ಅದೊಂದರಲ್ಲೇ ಇರುವುದು. ದಯವಿಟ್ಟು ತಂದುಕೊಡಿ. ಸ್ಕ್ಯಾನ್ ಆಗದಿದ್ದರೂ ಪರವಾಗಿಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಫೋಟೋ ತೆಗೆಯುವವರ ಮನಸ್ಸು ನನಗೆ ಗೊತ್ತು. ನಿನ್ನ ಅಮ್ಮ ಹೋದ ಮೇಲೆ ನಿನ್ನ ಅಪ್ಪ ಆರು ತಿಂಗಳು ಗೇಟು ದಾಟಿರಲಿಲ್ಲ. ಅವನನ್ನು ಹೊರಗೆ ಕರೆತಂದದ್ದು ಆ ಕ್ಯಾಮೆರಾ. ಮೊದಲು ತೋಟದ ಅತ್ತಿಮರಕ್ಕೆ ಬರುವ ಮಂಗಟ್ಟೆ ಹಕ್ಕಿ, ಆಮೇಲೆ ನಾಗರಹೊಳೆ, ಈಗ ಹಿಮಾಲಯ. ಆದ್ದರಿಂದ "ಹೋಗಬೇಡಿ" ಅಂತ ಮಾತ್ರ ಹೇಳಬೇಡ. "ಮೊಬೈಲ್ ಸಾಕು" ಅಂತಲೂ ಹೇಳಬೇಡ. ಎದುರಿಗೆ ನಿಂತ ಮೊಮ್ಮಗುವಿಗೆ ಮೊಬೈಲ್ ಸಾಕು, ಮರದ ತುದಿಯ ಹಕ್ಕಿಗೆ ಸಾಲುವುದಿಲ್ಲ. ಭುಜ ಹೋದರೆ ಅವನ ತಿರುಗಾಟ ನಿಲ್ಲುತ್ತದೆ, ಅದೇ ನನ್ನ ಹೆದರಿಕೆ.

ಅಯ್ಯೋ, ಲೆನ್ಸ್ ವಿಷಯ ಹೇಳಲೇ ಇಲ್ಲ ಅಲ್ವಾ. ಕೇಳು.

ಡಿ850 ಬಾಡಿ ಬ್ಯಾಟರಿ, ಕಾರ್ಡ್ ಸೇರಿ 1,005 ಗ್ರಾಂ. ಆ 200-500 ಲೆನ್ಸ್ ಟ್ರೈಪಾಡ್ ಹಿಡಿಕೆ ಸೇರಿ 2,300 ಗ್ರಾಂ. ಒಟ್ಟು 3.3 ಕಿಲೋ. ಅದೇ ಕ್ಯಾಮೆರಾಕ್ಕೆ ನಿಕಾನ್‌ನದ್ದೇ 300 ಎಂಎಂ ಎಫ್4 ಪಿಎಫ್ ಅಂತ ಇನ್ನೊಂದು ಲೆನ್ಸ್ ಇದೆ, 2015ರಲ್ಲಿ ಬಂದದ್ದು, 755 ಗ್ರಾಂ ಅಷ್ಟೇ. ಪಿಎಫ್ ಅಂದರೆ ಒಂದು ವಿಶೇಷ ಫ್ರೆನೆಲ್ ಗಾಜು, ಹಲವು ಗಾಜುಗಳ ಕೆಲಸವನ್ನು ಅದೊಂದೇ ಮಾಡುತ್ತದೆ, ಅದಕ್ಕೇ ಅಷ್ಟು ಹಗುರ. ಅದರ ಹಿಂದೆ 190 ಗ್ರಾಮಿನ 1.4 ಟೆಲಿಕನ್ವರ್ಟರ್, ಅಂದರೆ 1.4 ಪಟ್ಟು ಹತ್ತಿರ ತೋರಿಸುವ ಸಣ್ಣ ಜೋಡಣೆ, ಹಾಕಿದರೆ 420 ಎಂಎಂ ಸಿಗುತ್ತದೆ. ಬಾಡಿ ಸೇರಿ ಎರಡು ಕಿಲೋ ಒಳಗೆ. ಎಂಎಂ ಜಾಸ್ತಿಯಾದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ. ಇದು 500ಕ್ಕೆ 80 ಕಡಿಮೆ, ಆದರೆ ಡಿ850ರಲ್ಲಿ 45 ಮೆಗಾಪಿಕ್ಸೆಲ್ ಇದೆ, ಫೋಟೋದ ಸುತ್ತ ಕತ್ತರಿಸಿಕೊಂಡರೂ ಧಾರಾಳ. ಮೊನಾಲ್ ನಮ್ಮ ಕಾಡುಕೋಳಿಯಷ್ಟು ದೊಡ್ಡ ಹಕ್ಕಿ, ಗುಬ್ಬಿಯಲ್ಲ. ಒಂದೇ ಕೊರತೆ, ಎದುರಿಗೆ ಜೋರು ಬೆಳಕಿದ್ದರೆ ವಿಚಿತ್ರ ಹೊಳಪು ಬರುತ್ತದೆ. ಸೆಕೆಂಡ್ ಹ್ಯಾಂಡ್ ಹುಡುಕಲಿ. ದುಡ್ಡು ಜಾಸ್ತಿ ಇದ್ದರೆ 500 ಎಂಎಂ ಪಿಎಫ್, 1,460 ಗ್ರಾಂ.

ಎಲ್ಲ ಬದಲಾಯಿಸುತ್ತೇನೆ ಅಂದರೆ ಒಎಂ-1 ಅನ್ನುವ ಹಗುರ ಕ್ಯಾಮೆರಾದ ಬಾಡಿ 599 ಗ್ರಾಂ, ಒಲಿಂಪಸ್ 75-300 ಲೆನ್ಸ್ 423. ಒಂದು ಕಿಲೋ ಆಯಿತು, ಸೆನ್ಸರ್ ಚಿಕ್ಕದಾದ್ದರಿಂದ 600 ಎಂಎಂ ಲೆನ್ಸಿನ ಹಾಗೆ ಹತ್ತಿರ ಕಾಣುತ್ತದೆ. ಆದರೆ ಬೆಳಕು ಕಡಿಮೆ ಬಿಡುವ ಲೆನ್ಸ್ ಅದು. ನಮ್ಮ ತೋಟದ ಮರದ ನೆರಳಲ್ಲಿ, ಬೆಳಗಿನ ಮಂಜಿನಲ್ಲಿ ಫೋಟೋ ತುಂಬಾ ಕಾಳುಕಾಳಾಗುತ್ತದೆ. ನನ್ನ ಅಭಿಪ್ರಾಯ, ಅವನಿಗೆ ಕೈಗೆ ಪಳಗಿದ ಬಾಡಿಯೇ ಇರಲಿ, ಲೆನ್ಸ್ ಮಾತ್ರ ಹಗುರ ಆಗಲಿ.

200-500 ಬೇಕೇ ಬೇಕು ಅಂದರೆ ಅದಕ್ಕೂ ಜಾಗ ಇದೆ. ನಾಗರಹೊಳೆ ಜೀಪಿನಲ್ಲಿ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮೇಲೆ ಇಟ್ಟುಕೊಳ್ಳಬಹುದು, ಹಾಕಿ ಮೈದಾನದಲ್ಲಿ ಒಂಟಿ ಕಾಲಿನ ಮೊನೊಪಾಡ್ ಮೇಲೆ. ಅಲ್ಲಿ ಭಾರದ ಮಾತೇ ಬರುವುದಿಲ್ಲ. ನಡೆಯುವ ಕಡೆ ಬೇಡ.

ವಿಮಾನದ್ದೂ ನೋಡಿಕೊಳ್ಳಿ. ಕಣ್ಣೂರಿನಿಂದ ಹೋಗಲಿ, ಬೆಂಗಳೂರಿನಿಂದ ಹೋಗಲಿ, ಕೈಬ್ಯಾಗಿಗೆ ಸಾಮಾನ್ಯವಾಗಿ 7 ಕಿಲೋ. ಖಾಲಿ ಕ್ಯಾಮೆರಾ ಬ್ಯಾಗೇ ಒಂದೂವರೆ, ಎರಡು ಕಿಲೋ ಇರುತ್ತದೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹೆಚ್ಚುವರಿ ಬ್ಯಾಟರಿಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವ ಹಾಗಿಲ್ಲ, ಕೈಬ್ಯಾಗಿನಲ್ಲೇ ಇರಬೇಕು. ಸೊಂಟಕ್ಕೆ ಬೆಲ್ಟ್ ಇರುವ ಬ್ಯಾಗೇ ಆಗಬೇಕು, ಆಗ ಭಾರ ಭುಜದಿಂದ ಸೊಂಟಕ್ಕೆ ಇಳಿಯುತ್ತದೆ.

ಕೊಳ್ಳುವ ಮೊದಲು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಲೆನ್ಸ್ ಬಾಡಿಗೆಗೆ ತರಲಿ. ನೀರು, ಜಾಕೆಟ್, ಮಾತ್ರೆ ಡಬ್ಬಿ ಎಲ್ಲ ತುಂಬಿ ಬ್ಯಾಗನ್ನು ಕಾಳುಮೆಣಸು ತೂಗುವ ತಕ್ಕಡಿಯಲ್ಲೇ ಇಡಿ. ಆಮೇಲೆ ಅದನ್ನು ಹೊತ್ತು ತೋಟದ ಏರಿನಲ್ಲಿ ಅರ್ಧ ದಿನ ಹತ್ತಿ ಇಳಿಯಲಿ. ಮಾರನೆಯ ದಿನ ಬೆಳಿಗ್ಗೆ ಕೈ ಎತ್ತಿ ತಲೆ ಬಾಚಿಕೊಳ್ಳಲು ಹೇಳು, ನೀನೇ ನಿಂತು ನೋಡು.

ಅದಕ್ಕೂ ಮೊದಲು ಮೂಳೆ ಡಾಕ್ಟರ್ ಹತ್ತಿರ ಭುಜ ತೋರಿಸಬೇಕು, ಈ ವಾರವೇ. ಲೆನ್ಸಿಗೆ ಅಡ್ವಾನ್ಸ್ ಕೊಟ್ಟಿದ್ದಾನಾ ಕೇಳಿ ತಿಳಿಸು. ಕೊಟ್ಟಿಲ್ಲ ಅಂದರೆ ಇವತ್ತು ರಾತ್ರಿಯೇ ನಾನು ಅವನಿಗೆ ಫೋನ್ ಮಾಡುತ್ತೇನೆ.