ಕಾರಿನ ಗ್ಲಾಸಿನ ಅಂಟು ‘ಒಣಗುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನಲ್ಲಿ ಹಳೆ ಕಾರುಗಳ ಮುಂದಿನ ಗ್ಲಾಸ್ ಬದಲಿಸಿಕೊಡುವ ಒಂದು ವರ್ಕ್‌ಶಾಪಿಗಾಗಿ ಕನ್ನಡದಲ್ಲಿ ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ಮಲಯಾಳದ್ದು ಆಗಲೇ ಇದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಬರುವವರಿಗೂ ಅವರ ಭಾಷೆಯಲ್ಲೇ ಸಿಗಬೇಕು ಅಲ್ವಾ? ಎಲ್ಲ ಮುಗಿದಿದೆ, ಒಂದು ಕ್ರಿಯಾಪದದ ಹತ್ತಿರ ನಿಂತಿದ್ದೇನೆ.

ವಿಂಡ್‌ಶೀಲ್ಡಿಗೆ ಏನನ್ನಬೇಕು ಎಂಬುದು ನನ್ನ ಪ್ರಶ್ನೆಯಲ್ಲ. ಹುಡುಗರು ಮಲಯಾಳದಲ್ಲಿ ಚಿಲ್ಲ್ ಅನ್ನುತ್ತಾರೆ, ನಾವು ಮುಂದಿನ ಗ್ಲಾಸ್ ಅನ್ನುತ್ತೇವೆ. ಅದನ್ನೇ ಬರೆದಿದ್ದೇನೆ. ಗಾಳಿತಡೆ, ಮುಂಗಾಜು ಎಂದೆಲ್ಲ ಬರೆದರೆ ಕಾರಿನವರು ಹಾಗಂದ್ರೇನು ಅಂತ ಕೇಳುತ್ತಾರೆ.

ಅಂಬಾಸಿಡರ್, ಪದ್ಮಿನಿಯಂಥ ಕಾರುಗಳದ್ದೂ ತೊಂದರೆಯಿಲ್ಲ. ಅವುಗಳಲ್ಲಿ ಗ್ಲಾಸನ್ನು ಅಂಟಿಸುವುದಿಲ್ಲ, ರಬ್ಬರ್ ಬೀಡಿಂಗಿನಲ್ಲಿ ಕೂರಿಸುತ್ತಾರೆ. ಬೀಡಿಂಗನ್ನು ಗ್ಲಾಸಿನ ಸುತ್ತ ಹಾಕಿ, ಅದರ ಹೊರಸಂದಿಗೆ ತೆಳು ಹಗ್ಗ ತೂರಿಸಿ, ಸೋಪಿನ ನೀರು ಸವರುತ್ತಾರೆ. ಒಬ್ಬರು ಹೊರಗಿನಿಂದ ಗ್ಲಾಸನ್ನು ಒತ್ತಿ ಹಿಡಿದರೆ, ಒಳಗೆ ಕೂತವರು ಹಗ್ಗದ ತುದಿ ಎಳೆಯುತ್ತಾ ಬರುತ್ತಾರೆ. ಎಳೆದಂತೆಲ್ಲ ರಬ್ಬರಿನ ಅಂಚು ಬಾಡಿಯ ತಗಡಿನ ಅಂಚನ್ನು ದಾಟಿ ಸ್ವಲ್ಪ ಸ್ವಲ್ಪವೇ ಒಳಗೆ ಬಂದು ಕಚ್ಚಿಕೊಳ್ಳುತ್ತದೆ. ಕೂರಿಸು, ಕಚ್ಚಿಕೊಳ್ಳು. ಎರಡೂ ಹುಡುಗರ ಬಾಯಿಯಿಂದಲೇ ಬಂದ ಮಾತು, ಎರಡೂ ಚೆನ್ನಾಗಿವೆ.

ತೊಡಕು ಇರುವುದು ಆಮೇಲಿನ ಕಾರುಗಳಲ್ಲಿ. ಅವುಗಳ ಗ್ಲಾಸನ್ನು ಯುರೆಥೇನ್ ಅಂಟು ಹಾಕಿ ನೇರ ಬಾಡಿಗೇ ಅಂಟಿಸುತ್ತಾರೆ. ‘ಅಂಟು ಒಣಗುವ ತನಕ ಕಾರು ಓಡಿಸಬೇಡಿ’ ಎಂಬ ಮಾತು ಯಾರಿಗೂ ಸಲೀಸಾಗಿ ಬರುತ್ತದೆ. ಮಲಯಾಳದ ಹಾಳೆಯಲ್ಲೂ ‘ಉಣಙ್ಙು’ ಅಂತಲೇ ಇದೆ. ಆದರೆ ಒಣಗುವುದು ಅಂದರೆ ನೀರಿನಂಶ ಹೋಗುವುದು. ಈ ಅಂಟು ಹಾಗಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡೇ ಅದು ಬಲ ಪಡೆಯುತ್ತದೆ. ನಮ್ಮ ಕರಾವಳಿಯ ಹವೆ ಅದಕ್ಕೆ ಒಳ್ಳೆಯದೇ.

ಇದು ಬರೀ ಪದದ ಮೇಲಿನ ಹಟ ಅಲ್ಲ. ಅಂಟು ಹೊರಗಿನಿಂದ ಒಳಕ್ಕೆ ಬಲಗೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮೇಲೆ ತೊಗಲು ಕಟ್ಟುತ್ತದೆ, ಮುಟ್ಟಿದರೆ ಕೈಗೆ ಹತ್ತುವುದಿಲ್ಲ. ಒಳಗಿನ್ನೂ ಮೆತ್ತಗೆ ಪೇಸ್ಟಿನ ಹಾಗೇ ಇರುತ್ತದೆ. ಹಾಳೆಯಲ್ಲಿ ‘ಒಣಗು’ ಅಂತ ಓದಿದವರು ಬೆರಳಿಟ್ಟು ನೋಡಿ, ಒಣಗಿದೆ ಅಂತ ಹೊರಟುಬಿಟ್ಟರೆ? ಗುದ್ದು ಬಿದ್ದಾಗ ಒಳಗಿನವರು ಹೊರಗೆ ಎಸೆಯಲ್ಪಡದ ಹಾಗೆ ತಡೆಯುವುದು ಈ ಗ್ಲಾಸ್. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಪಕ್ಕದ ಸೀಟಿನ ಬ್ಯಾಗು ಉಬ್ಬುವಾಗ ಈ ಗ್ಲಾಸಿಗೇ ಒರಗಿ ನಿಲ್ಲುತ್ತದೆ. ಅಂಟು ಹಿಡಿದಿರದಿದ್ದರೆ ಗ್ಲಾಸೇ ಕಿತ್ತು ಹೋಗುತ್ತದೆ.

ಇನ್ನೊಂದು ವಿಷಯ. ಹಳೆ ಕಾರಿನ ಗ್ಲಾಸ್ ತೆಗೆದರೆ ಅಡಿಯಲ್ಲಿ ತುಕ್ಕು ಕಾಣುವುದು ಸಾಮಾನ್ಯ. ಅದನ್ನು ಕೆರೆದು, ಪ್ರೈಮರ್ ಹಚ್ಚಿ, ಆ ಜಾಗ ಪೂರ್ತಿ ಒಣಗಿದ ಮೇಲೆಯೇ ಅಂಟು ಹಾಕಬೇಕು. ಅಲ್ಲಿ ‘ಒಣಗು’ ಸರಿಯಾದ ಪದ. ಒಂದೇ ಹಾಳೆಯಲ್ಲಿ ಒಂದೇ ಪದ ಎರಡು ಬೇರೆ ಕೆಲಸಕ್ಕೆ ಬಂದರೆ ಓದುವವರಿಗೆ ಗೊಂದಲ.

ಹಾಗಾದರೆ ಯಾವ ಪದ? ‘ಗಟ್ಟಿಯಾಗು’ ಬೇಡ ಅನಿಸುತ್ತದೆ. ಪೂರ್ತಿ ಆದ ಮೇಲೂ ಈ ಅಂಟು ರಬ್ಬರಿನ ಹಾಗೆ ಬಾಗುತ್ತದೆ, ಉಗುರು ಒತ್ತಿ ನೋಡಿದವರು ಇನ್ನೂ ಆಗಿಲ್ಲ ಅಂದುಕೊಳ್ಳುತ್ತಾರೆ. ‘ಹಿಡಿ’ ಅಂದರೆ ಅಂಟಿಸಿದ ಕೂಡಲೇ ಹಿಡಿಯಿತು ಎಂದೂ ಆಗುತ್ತದೆ. ನನಗೆ ಇಷ್ಟವಾದದ್ದು ‘ಬಲಿ’. ತೆಂಗಿನಕಾಯಿ ಬಲಿಯುವ ಹಾಗೆ, ಹೊತ್ತು ತೆಗೆದುಕೊಂಡು ಒಳಗಿನ ತನಕ ಆಗುವ ಕೆಲಸ ಇದು. ‘ಅಂಟು ಬಲಿತ ಮೇಲೆ ಓಡಿಸಿ’ ಅಂದರೆ ಕಿವಿಗೂ ಹಿತ. ಆದರೆ ಅಪಘಾತದ ಮಾತಿರುವ ಹಾಳೆಯಲ್ಲಿ ‘ಬಲಿ’ ಅಂತ ಕಂಡರೆ ಇನ್ನೊಂದು ಅರ್ಥವೇ ಮೊದಲು ನೆನಪಾಗುತ್ತದೆ. ಉಳಿದದ್ದು ‘ಸೆಟ್ ಆಗು’. ವರ್ಕ್‌ಶಾಪಿನಲ್ಲಿ ಅದೇ ನಡೆಯುತ್ತದೆ, ನನಗೂ ಅಡ್ಡಿಯಿಲ್ಲ.

ಎಷ್ಟು ಹೊತ್ತು ಎಂಬುದನ್ನು ಹಾಳೆಯಲ್ಲಿ ಹಾಕುತ್ತಿಲ್ಲ. ಕೆಲವು ಅಂಟಿಗೆ ಒಂದು ಗಂಟೆ ಸಾಕು, ಕೆಲವಕ್ಕೆ ಇಡೀ ದಿನ ಬೇಕು. ಟ್ಯೂಬಿನ ಮೇಲೆ ಬರೆದಷ್ಟು ಕಾಯಿರಿ ಅಂತ ಹೇಳಿದ್ದೇನೆ.

ನಿಮ್ಮ ಕಡೆ ಗಾರೆ ಕೆಲಸದವರು ಸಿಮೆಂಟಿಗೆ ಏನನ್ನುತ್ತಾರೆ? ಅದಕ್ಕೂ ನೀರು ಬೇಕಲ್ಲ, ಅದೂ ಬರೀ ಒಣಗುವುದಲ್ಲ. ಹೊಸೂರು, ಸೊಲ್ಲಾಪುರ, ಅದೋನಿ ಕಡೆಯ ಕನ್ನಡದಲ್ಲಿ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.