‘ಟೀನ್ ಸ್ಪಿರಿಟ್’ ಹಿಟ್ ಆಗೋಕೆ ಅಷ್ಟು ದಿನ ಯಾಕೆ ಬೇಕಾಯ್ತು?

ಪ್ರಶ್ನೆ: ಅಮೆರಿಕದ ರಾಕ್ ತಂಡ ನಿರ್ವಾಣದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಸಿಂಗಲ್ ಬಂದಿದ್ದು 1991ರ ಸೆಪ್ಟೆಂಬರ್‌ನಲ್ಲಿ. ಬಿಲ್‌ಬೋರ್ಡ್ ಪಟ್ಟಿಯಲ್ಲಿ (ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ) 6ನೇ ಸ್ಥಾನ ಮುಟ್ಟಿದ್ದು 1992ರ ಜನವರಿಯಲ್ಲಿ. ಇಷ್ಟು ತಡ ಯಾಕೆ? ನಾನು ಡ್ರಮ್ಸ್ ಕಲೀತಿದ್ದೀನಿ, ಈ ತಂಡದ ಡ್ರಮ್ಮರ್ ಡೇವ್ ಗ್ರೋಲ್ ಅವರ ಶುರುವಿನ ಏಟುಗಳಿಗೇ ಮನಸೋತಿದ್ದೀನಿ.

ಉತ್ತರ 1: ದೊಡ್ಡ ಹಿಟ್ ಆಗೋದು ಅದೇ ತಂಡದ ಇನ್ನೊಂದು ಹಾಡು ‘ಕಮ್ ಆ್ಯಸ್ ಯು ಆರ್’ ಅಂತ ರೆಕಾರ್ಡ್ ಕಂಪನಿಯವರ ಲೆಕ್ಕ ಇತ್ತು. ‘ಟೀನ್ ಸ್ಪಿರಿಟ್’ ಕಾಲೇಜು ರೇಡಿಯೋ ಕೇಳುಗರನ್ನ ಸೆಳೆದರೆ ಸಾಕಿತ್ತು. ಸ್ಯಾಮ್ಯುಯೆಲ್ ಬೇಯರ್ ನಿರ್ದೇಶಿಸಿದ ವಿಡಿಯೋನ ಸಂಗೀತ ಚಾನೆಲ್ ಎಂಟಿವಿ ಮತ್ತೆ ಮತ್ತೆ ಹಾಕಿತು ನೋಡಿ, ಆಮೇಲೆ ಹಿಡಿಯೋರೇ ಇಲ್ಲ!

ಉತ್ತರ 2: ವಿಡಿಯೋ ಒಂದೇ ಅಲ್ಲ ಸಾರ್. ಮೆಲ್ಲಗೆ ಹಾಡಿ ದಿಢೀರನೆ ಅಬ್ಬರಿಸೋ ಆ ರೀತಿ ಪಿಕ್ಸೀಸ್ ಅನ್ನೋ ರಾಕ್ ತಂಡದಿಂದ ಬಂದಿದ್ದು, ನಿರ್ವಾಣದ ಗಾಯಕ ಕರ್ಟ್ ಕೋಬೇನ್ ಅವರೇ ಹೇಳಿದ್ದಾರೆ. ಚರಣದಲ್ಲಿ ಗಿಟಾರ್ ಎರಡೇ ಸ್ವರ. ಹಾಡನ್ನ ಹೊರೋದು ಬೇಸ್, ಡ್ರಮ್ಸ್. ಹೆಡ್‌ಫೋನ್ ಹಾಕಿ ಕೇಳಿ, ನಿಮಗೆ ಅದೇ ಪಾಠ.